ತೊಡೆಯ ಗಡ್ಡೆ: ಬಳಕೆದಾರರ ಕೈಪಿಡಿ (ಹುತ್ತೂರು ಹೋಬಳಿ ಆವೃತ್ತಿ)

ಬಳಸುವ ಮುನ್ನ

ಈ ಸಾಮಾನನ್ನು ನೀವು ದುಡ್ಡು ಕೊಟ್ಟು ತಂದಿಲ್ಲ. ಆದ್ದರಿಂದ ಬಿಲ್ಲಿಲ್ಲ, ವಾರಂಟಿಯಿಲ್ಲ, ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಹಬ್ಬದ ಆಫರ್ ಕೂಡ ಇಲ್ಲ. ಸ್ನಾನ ಮಾಡುವಾಗಲೋ, ಟೊಮ್ಯಾಟೊ ಕ್ರೇಟನ್ನು ಟೆಂಪೋಗೆ ಎತ್ತುವಾಗಲೋ ತೊಡೆಗೆ ಕೈ ತಾಗಿ ಒಳಗೊಂದು ಗಂಟು ಇರುವುದು ತಿಳಿಯಿತು. ನೋವಿರಲಿಲ್ಲ. ನೋಯದ ಸಂಗತಿಯನ್ನು ಟೊಮ್ಯಾಟೊ ರೇಟು ಬಿದ್ದ ಹೊತ್ತಿನಲ್ಲಿ ಯಾರೂ ಮನೆಯಲ್ಲಿ ಎತ್ತುವುದಿಲ್ಲ. ಹೀಗೆ ಎರಡು ಬೆಳೆ ಮುಗಿದ ಮೇಲೆ ಈ ಕೈಪಿಡಿ ನಿಮ್ಮ ಕೈಗೆ ಬಂದಿದೆ.

ಸುದ್ದಿ ಹೊರಬಿದ್ದ ಕೂಡಲೇ ಸಲಹಾ ವಿಭಾಗ ತಾನಾಗಿ ಚಾಲೂ ಆಗುತ್ತದೆ. ಅದಕ್ಕೆ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಬೆಳಗ್ಗೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತರೆ ಸಾಕು. ಅರ್ಧ ಸಲಹೆ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ಬರುತ್ತದೆ. “ಕೊಬ್ಬಿನ ಗಂಟು ಬಿಡಣ್ಣ, ನಮ್ ಮಾವನಿಗೂ ಇತ್ತು, ಮೂವತ್ತು ವರ್ಷ ಇಟ್ಕೊಂಡಿದ್ದ.” “ಹರಳೆಣ್ಣೆ ಬಿಸಿ ಮಾಡಿ ಕಟ್ಟು.” “ಏನಾದ್ರೂ ಮಾಡು, ಸೂಜಿ ಮಾತ್ರ ಚುಚ್ಚಿಸ್ಬೇಡ. ಚುಚ್ಚಿದ್ರೆ ಮೈಯೆಲ್ಲಾ ಹರಡುತ್ತೆ.”

ಮೊದಲ ಸಲಹೆಯನ್ನು ಹೀಗಳೆಯುವಂತಿಲ್ಲ. ಕೊಬ್ಬು, ಸ್ನಾಯು, ನಾರು, ರಕ್ತನಾಳ, ನರದ ಹೊದಿಕೆ ಇವುಗಳಲ್ಲಿ ಹುಟ್ಟುವ ಗಡ್ಡೆಗಳನ್ನು ಮೃದು ಅಂಗಾಂಶದ ಗಡ್ಡೆ ಎನ್ನುತ್ತಾರೆ. ಇವುಗಳಲ್ಲಿ ನಿರಪಾಯದವು ನೂರಾದರೆ ಕ್ಯಾನ್ಸರಿನವು ಒಂದು, ಹೆಚ್ಚುಕಡಿಮೆ ಅದೇ ಲೆಕ್ಕ. ದೊಡ್ಡವರಿಗೆ ಬರುವ ಎಲ್ಲ ಕ್ಯಾನ್ಸರುಗಳಲ್ಲಿ ಸಾರ್ಕೋಮಾ ಎಂಬ ಈ ಬಗೆಯ ಪಾಲು ಶೇಕಡ 1ರಷ್ಟು. ಹಾಗಾಗಿ ಡೇರಿಯ ಮುಂದೆ ನಿಂತವರ ಮಾತು ಬಹುಪಾಲು ನಿಜವಾಗುತ್ತದೆ, ನಿಜವಾಗಿ ನಿಜವಾಗಿ ಅವರ ಧೈರ್ಯ ಬೆಳೆಯುತ್ತದೆ. ಆ ನೂರೊಂದನೆಯವರು ನೀವೇ ಆಗಿದ್ದರೆ ಅಷ್ಟೂ ಧೈರ್ಯದ ಬೆಲೆಯನ್ನು ಕಟ್ಟಬೇಕಾದವರು ನೀವು.

ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲು ತೆಗೆದುಕೊಳ್ಳಿ. ಗಂಟು ಐದು ಸೆಂಟಿಮೀಟರಿಗಿಂತ ದೊಡ್ಡದಿದೆಯೇ? ಚರ್ಮದಡಿ ಜಾರದೆ ಸ್ನಾಯುವಿನ ಆಳದಲ್ಲಿ ಕೂತಿದೆಯೇ? ಯುಗಾದಿಗಿಂತ ದಸರೆಗೆ ಬೆಳೆದಿದೆಯೇ? ಒಮ್ಮೆ ತೆಗೆಸಿದ ಜಾಗದಲ್ಲೇ ಮತ್ತೆ ಬಂದಿದೆಯೇ? ಒಂದಕ್ಕೆ ಹೌದೆಂದರೂ ಸ್ಕೇಲನ್ನು ಬಾಕ್ಸಿಗೆ ಹಾಕಿ ಕೋಲಾರದ ಬಸ್ಸು ಹತ್ತಿ.

ಯಂತ್ರದ ಒಳಗೆ ಏನಿದೆ

ಮುಚ್ಚಳ ತೆರೆಯಬೇಡಿ, ನಾವೇ ಹೇಳುತ್ತೇವೆ. ಗಡ್ಡೆ ಎಂದರೆ ಒಡೆದು ಎರಡಾಗುತ್ತಲೇ ಇರುವ ಜೀವಕೋಶಗಳು. ಒಂದು ಕೋಶ ಎರಡಾಗಲು ನಾಲ್ಕು ಹಂತ ದಾಟಬೇಕು. ಜಿ-1ರಲ್ಲಿ ಮೈ ಬೆಳೆಸಿಕೊಳ್ಳುತ್ತದೆ. ಎಸ್ ಹಂತದಲ್ಲಿ ತನ್ನ ಡಿಎನ್‌ಎಯ ಸುಮಾರು 600 ಕೋಟಿ ಅಕ್ಷರಜೋಡಿಗಳ ನಕಲು ತೆಗೆಯುತ್ತದೆ. ಜಿ-2ರಲ್ಲಿ ನಕಲು ಸರಿಯಿದೆಯೇ ಎಂದು ತಾಳೆ ನೋಡುತ್ತದೆ. ಎಂ ಹಂತದಲ್ಲಿ ಇಬ್ಭಾಗವಾಗುತ್ತದೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಕೋಶಕ್ಕೆ ಇಷ್ಟಕ್ಕೆಲ್ಲ ಸುಮಾರು ಒಂದು ದಿನ ಹಿಡಿಯುತ್ತದೆ; ಅದರಲ್ಲಿ ಇಬ್ಭಾಗಕ್ಕೆ ತಗಲುವುದು ಒಂದು ಗಂಟೆ. ಈ ಒಂದು ಗಂಟೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಣಿಸುವಾಗ ಬೇಕಾಗುತ್ತದೆ. ಈ ನಾಲ್ಕರ ಯಾವ ಗೊಡವೆಯೂ ಬೇಡವೆಂದು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರುವ ಕೋಶಗಳು ಜಿ-ಸೊನ್ನೆಯಲ್ಲಿವೆ. ನಿಮ್ಮ ಮೈಯ ಬಹುಪಾಲು ಕೋಶಗಳು ಅಲ್ಲೇ ಇವೆ.

ಹಂತದಿಂದ ಹಂತಕ್ಕೆ ನೂಕುವುದು ಸೈಕ್ಲಿನ್ ಎಂಬ ಪ್ರೋಟೀನು ಮತ್ತು ಅದರ ಜೊತೆ ಸೇರುವ ಸಿಡಿಕೆ ಎಂಬ ಕಿಣ್ವ. ಕಡಲ ಚಿಳ್ಳೆಯ ಮೊಟ್ಟೆಗಳಲ್ಲಿ ಒಂದು ಪ್ರೋಟೀನು ಪ್ರತಿ ವಿಭಜನೆಗೂ ತುಂಬಿಕೊಂಡು ಖಾಲಿಯಾಗುವುದನ್ನು ಟಿಮ್ ಹಂಟ್ 1982ರಲ್ಲಿ ಕಂಡರು. ಲೀಲೆಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ ಯೀಸ್ಟಿನಲ್ಲಿ ಇದೇ ಚಕ್ರದ ಬೇರೆ ಭಾಗಗಳನ್ನು ಹುಡುಕಿದ್ದರು. ಮೂವರಿಗೂ ಸೇರಿ 2001ರಲ್ಲಿ ನೊಬೆಲ್ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ಕೆಜಿಎಫ್ ಚಿನ್ನದ ಗಣಿ ಮುಚ್ಚಿತ್ತು, ಹಾಗಾಗಿ ಈ ಕಡೆ ಯಾರೂ ಗಮನಿಸಲಿಲ್ಲ.

ನೂಕುವವರಿದ್ದಂತೆ ತಡೆಯುವವರೂ ಇದ್ದಾರೆ. ಆರ್‌ಬಿ, ಪಿ-16, ಪಿ-53 ಎಂಬ ಪ್ರೋಟೀನುಗಳು ಬ್ರೇಕುಗಳು. ಪಿ-53ಕ್ಕೂ ಸಾರ್ಕೋಮಾಕ್ಕೂ ಹಳೆಯ ನಂಟು. ಮಕ್ಕಳಿಗೆ ಸ್ನಾಯುವಿನ ಸಾರ್ಕೋಮಾ, ಅದೇ ಮನೆಯ ಹೆಂಗಸರಿಗೆ ಎಳೆಯ ವಯಸ್ಸಿನಲ್ಲೇ ಸ್ತನದ ಕ್ಯಾನ್ಸರ್, ಹೀಗೆ ಒಂದೇ ಮನೆತನದಲ್ಲಿ ಸಾಲುಗಟ್ಟಿ ಬರುವುದನ್ನು ಅಮೆರಿಕದ ಫ್ರೆಡೆರಿಕ್ ಲೀ ಮತ್ತು ಜೋಸೆಫ್ ಫ್ರಾಮೆನಿ 1969ರಲ್ಲಿ ದಾಖಲಿಸಿದರು. ಆ ಮನೆತನಗಳಲ್ಲಿ ಪಿ-53ರ ಜೀನು ಹುಟ್ಟಿನಿಂದಲೇ ಕೆಟ್ಟಿರುತ್ತದೆಂದು ತಿಳಿದದ್ದು 1990ರಲ್ಲಿ.

ಬಳಕೆದಾರರಿಗೆ ಸೂಚನೆ: ಬ್ರೇಕನ್ನು ಮನೆಯಲ್ಲಿ ಸರಿಪಡಿಸಲು ಹೋಗಬೇಡಿ. ಗೋಮೂತ್ರ, ಲಕ್ಷ್ಮಣಫಲದ ಎಲೆ, ವಾಟ್ಸಾಪಿನ ಅರಿಶಿನ ಕಷಾಯ, ಯಾವುದೂ ಈ ಮಾದರಿಗೆ ಹೊಂದುವ ಬಿಡಿಭಾಗವಲ್ಲ.

ತುಣುಕು ತೆಗೆಯುವ ವಿಧಾನ

ಸೂಜಿಯ ಭಯ ಮೊದಲು ತೀರಲಿ. ಮೊದಲು ಎಂಆರ್‌ಐ, ಆಮೇಲೆ ದಪ್ಪ ಸೂಜಿಯಿಂದ ದಾರದೆಳೆಯಂಥ ತುಣುಕುಗಳು: ಇದು ಕ್ರಮ. ಮುಂದೆ ಎಲ್ಲಿ ಕೊಯ್ಯಬೇಕಾದೀತೋ ಅದೇ ಗೆರೆಯಲ್ಲಿ ಸೂಜಿ ಹಾಕುತ್ತಾರೆ, ಸೂಜಿ ಹೋದ ದಾರಿಯನ್ನೂ ಸೇರಿಸಿ ತೆಗೆಯಲು ಬರುವಂತೆ. ಸೂಜಿಯಿಂದ ಹರಡುವುದು ಬಲು ಅಪರೂಪ. ಕೊಬ್ಬಿನ ಗಂಟೇ ಇರಬೇಕೆಂದು ಸ್ಕ್ಯಾನೂ ಇಲ್ಲದೆ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆಯಲ್ಲಿ ಕೆತ್ತಿ ತೆಗೆದು, ತೆಗೆದದ್ದನ್ನು ಬಕೆಟ್ಟಿಗೆ ಹಾಕುವುದರಲ್ಲಿರುವ ಅಪಾಯ ಅದರ ಎಷ್ಟೋ ಪಟ್ಟು. ಅಂಥ ಕಡೆ ಗಡ್ಡೆಯ ಚೂರು ಒಳಗೇ ಉಳಿಯುತ್ತದೆ. ಎರಡನೆಯ ಆಪರೇಷನ್ನು ದೊಡ್ಡದಾಗುತ್ತದೆ. ಕರ್ನಾಟಕದ ಉದ್ದಗಲಕ್ಕೂ ನಡೆಯುವ ಈ ಕೆಲಸಕ್ಕೆ ನಾನು ಅಜ್ಞಾನಕ್ಕಿಂತ ಅವಸರವನ್ನೇ ಹೆಚ್ಚು ದೂರುತ್ತೇನೆ.

ತುಣುಕನ್ನು ಫಾರ್ಮಲಿನ್‌ಗೆ ಹಾಕಬೇಕು. ಸ್ಪಿರಿಟ್ಟಿಗಲ್ಲ, ಸಲೈನಿಗಲ್ಲ, ಖಾಲಿ ಬಾಟಲಿಗಂತೂ ಅಲ್ಲ. ಶೇಕಡ 10ರ ಬಫರ್ ಮಾಡಿದ ಫಾರ್ಮಲಿನ್, ತುಣುಕಿನ ಹತ್ತು ಪಟ್ಟು. ಅದು ಮಾಂಸದೊಳಗೆ ಗಂಟೆಗೆ ಸುಮಾರು ಒಂದು ಮಿಲಿಮೀಟರಿನಂತೆ ಇಳಿಯುತ್ತದೆ. ಹೀಗಿರುವಾಗ ಇಡೀ ಗಡ್ಡೆಯನ್ನು ಸೀಳದೆ ಸಣ್ಣ ಡಬ್ಬಿಯಲ್ಲಿ ತುರುಕಿ, ಶನಿವಾರ ಮಧ್ಯಾಹ್ನ ಕಳಿಸಿದರೆ ಸೋಮವಾರದ ಹೊತ್ತಿಗೆ ನಡುಭಾಗ ಕೊಳೆತಿರುತ್ತದೆ. ಇಬ್ಭಾಗವಾಗುತ್ತಿದ್ದ ಕೋಶಗಳು ಗುರುತೇ ಸಿಗದಂತಾಗಿ, ಎಣಿಕೆ ಸುಳ್ಳೇ ಕಡಿಮೆ ಬರುತ್ತದೆ. ಗಡ್ಡೆ ಸಾಧುವಾಯಿತೆಂದು ಎಲ್ಲರೂ ಸಂತೋಷಪಡುತ್ತಾರೆ.

ಬಣ್ಣ ಹಚ್ಚುವ ವಿಧಾನ

ಫಾರ್ಮಲಿನ್‌ನಿಂದ ಬಂದ ತುಣುಕನ್ನು ಮೇಣದಲ್ಲಿ ಕೂರಿಸಿ ಬ್ಲಾಕು ಮಾಡುತ್ತಾರೆ. ಮೂರು ನಾಲ್ಕು ಮೈಕ್ರಾನ್ ತೆಳುವಾಗಿ ಹೆರೆದು ಗಾಜಿಗೆ ಅಂಟಿಸುತ್ತಾರೆ. ಮೊದಲ ಗಾಜಿಗೆ ನೇರಳೆ ಮತ್ತು ಗುಲಾಬಿ ಬಣ್ಣ. ಇದು ನೂರು ವರ್ಷಕ್ಕೂ ಹಳೆಯ ವಿಧಾನ, ಇವತ್ತಿಗೂ ಮುಕ್ಕಾಲು ಉತ್ತರ ಇಲ್ಲೇ ಸಿಗುತ್ತದೆ.

ಉಳಿದ ಕಾಲು ಭಾಗಕ್ಕೆ ನೆರವಾಗುವವುಗಳಲ್ಲಿ ಕೆಐ-67 ಒಂದು. ಜಿ-ಸೊನ್ನೆಯಿಂದ ಎದ್ದು ಚಕ್ರಕ್ಕೆ ಕಾಲಿಟ್ಟ ಪ್ರತಿ ಕೋಶದ ನಡುಬೀಜದಲ್ಲೂ (ನ್ಯೂಕ್ಲಿಯಸ್) ಈ ಪ್ರೋಟೀನು ಇರುತ್ತದೆ, ಮಲಗಿದ ಕೋಶದಲ್ಲಿ ಇರುವುದಿಲ್ಲ. ಜರ್ಮನಿಯ ಕೀಲ್ ಊರಿನಲ್ಲಿ ಯೊಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಹಿಡಿಯುವ ಪ್ರತಿಕಾಯವನ್ನು ಪ್ರಕಟಿಸಿದರು. ಊರಿನ ಹೆಸರಿನ ಮೊದಲೆರಡು ಅಕ್ಷರ, ಪ್ರಯೋಗದ ತಟ್ಟೆಯಲ್ಲಿ ಅದು ಸಿಕ್ಕಿದ 67ನೆಯ ಗುಳಿ, ಎರಡೂ ಸೇರಿ ಹೆಸರಾಯಿತು. ಆದರೆ ಹೆಪ್ಪುಗಟ್ಟಿಸಿದ ತಾಜಾ ಮಾಂಸದಲ್ಲಿ ಮಾತ್ರ ಅದು ಕೆಲಸ ಮಾಡುತ್ತಿತ್ತು. ಮೇಣದ ಬ್ಲಾಕಿನಲ್ಲಿ ಫಾರ್ಮಲಿನ್ ಎಲ್ಲವನ್ನೂ ಬಿಗಿದುಬಿಟ್ಟಿರುತ್ತದಲ್ಲ, ಅದನ್ನು ಬಿಡಿಸುವ ಉಪಾಯ 1991ರಲ್ಲಿ ಸಿಕ್ಕಿತು: ಗಾಜನ್ನು ದ್ರಾವಣದಲ್ಲಿಟ್ಟು ಮೈಕ್ರೋವೇವಿನಲ್ಲಿ ಕುದಿಸುವುದು. ಮರುವರ್ಷ ಎಂಐಬಿ-1 ಎಂಬ ಪ್ರತಿಕಾಯ ಬಂತು. ಅಲ್ಲಿಂದ ಮುಂದೆ ಜಗತ್ತಿನ ಯಾವ ಊರಿನ ಬ್ಲಾಕಿಗೂ ಈ ಪರೀಕ್ಷೆ ಸಾಧ್ಯವಾಯಿತು. ಎಷ್ಟೋ ಲ್ಯಾಬುಗಳು ಮೈಕ್ರೋವೇವಿನ ಬದಲು ಪ್ರೆಶರ್ ಕುಕ್ಕರ್ ಇಟ್ಟುಕೊಂಡಿವೆ. ಹೌದು, ಅದೇ ಕುಕ್ಕರ್. ವಿಸಿಲ್ ಎಣಿಸುವ ಕಲೆ ಇಲ್ಲೂ ಬೇಕು.

ಆಮೇಲೆ ಪ್ರತಿಕಾಯ, ಕಂದು ಬಣ್ಣ, ಹಿನ್ನೆಲೆಗೆ ತಿಳಿನೀಲಿ. ಪಕ್ಕದಲ್ಲಿ ಟಾನ್ಸಿಲಿನ ಒಂದು ತುಣುಕನ್ನೂ ಇಟ್ಟು ಬಣ್ಣ ಹಾಕಬೇಕು. ಅದರಲ್ಲಿ ಭರದಿಂದ ಒಡೆಯುವ ಕೋಶಗಳು ಹೇಗೂ ಇರುತ್ತವೆ. ಅವೂ ಕಂದಾಗದಿದ್ದರೆ ತಪ್ಪು ನಿಮ್ಮ ಗಡ್ಡೆಯದಲ್ಲ, ಆ ದಿನದ ಕೆಲಸದ್ದು. ಈ ಕೆಐ-67 ನಿಜಕ್ಕೂ ಮಾಡುವ ಕೆಲಸವೇನು ಎಂಬುದಕ್ಕೆ ಒಂದು ಒಳ್ಳೆಯ ಉತ್ತರ ಸಿಕ್ಕಿದ್ದು 2016ರಲ್ಲಿ: ವಿಭಜನೆಯ ಹೊತ್ತಿನಲ್ಲಿ ಕ್ರೋಮೋಸೋಮುಗಳ ಮೈಗೆ ಹತ್ತಿಕೊಂಡು, ಅವು ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ಏನು ಕೆಲಸವೆಂದು ಸರಿಯಾಗಿ ತಿಳಿಯದೆಯೇ ಮೂವತ್ತು ವರ್ಷ ಅದನ್ನು ಎಣಿಸಿದ್ದೇವೆ, ಲೆಕ್ಕವೂ ಕೆಲಸಕ್ಕೆ ಬಂದಿದೆ.

ಹಳೆಯ ಮಾದರಿಗಳನ್ನು ಕೇಳುವವರಿಗೆ: ಪಿಸಿಎನ್‌ಎ ಎಂಬುದಿತ್ತು, ಕೋಶ ವಿರಮಿಸಿದ ಮೇಲೂ ಬಹಳ ಹೊತ್ತು ಉಳಿದು ಲೆಕ್ಕ ಉಬ್ಬಿಸುತ್ತಿತ್ತು. ಬೆಳ್ಳಿಯ ಲವಣದಿಂದ ನಡುಬೀಜದೊಳಗಿನ ಚುಕ್ಕೆಗಳನ್ನು ಕಪ್ಪಾಗಿಸುವ ಎಜಿನಾರ್ ವಿಧಾನ ಅಗ್ಗ, ಅದಕ್ಕೇ ನಮ್ಮ ಮೆಡಿಕಲ್ ಕಾಲೇಜುಗಳ ಎಂಡಿ ಪ್ರಬಂಧಗಳಿಗೆ ಪ್ರಿಯವಾಗಿತ್ತು. ಚಿನ್ನದ ಜಿಲ್ಲೆಗೆ ಬೆಳ್ಳಿಯ ಪರೀಕ್ಷೆ ಏನೂ ಅವಮಾನವಲ್ಲ, ಆದರೆ ಎರಡೂ ಈಗ ಪಕ್ಕಕ್ಕೆ ಸರಿದಿವೆ.

ಎಣಿಸುವ ವಿಧಾನ

ಇಲ್ಲಿ ಎರಡು ಮೀಟರುಗಳಿವೆ, ಒಂದರ ರೀಡಿಂಗನ್ನು ಇನ್ನೊಂದಕ್ಕೆ ಬರೆಯಬೇಡಿ.

ಮೊದಲನೆಯದು ಇಬ್ಭಾಗವಾಗುತ್ತಿರುವ ಕೋಶಗಳನ್ನು ಕಣ್ಣಾರೆ ಎಣಿಸುವುದು. ಒಂದು ದಿನದ ಚಕ್ರದಲ್ಲಿ ಒಂದು ಗಂಟೆ ಮಾತ್ರ ಕಾಣುವ ದೃಶ್ಯವಾದ್ದರಿಂದ ಸಿಗುವುದು ಕೆಲವೇ. ಸತ್ತು ಮುದುಡಿದ ಕೋಶ ಇದೇ ವೇಷ ಹಾಕಿ ಮೋಸ ಮಾಡುತ್ತದೆ. ಫ್ರಾನ್ಸಿನ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟದವರು 1984ರಲ್ಲಿ ರೂಪಿಸಿದ ಅಂಕಪಟ್ಟಿ ಸಾರ್ಕೋಮಾಕ್ಕೆ ಇಂದಿಗೂ ಜಾರಿಯಲ್ಲಿದೆ. ಗಡ್ಡೆ ತನ್ನ ಮೂಲ ಅಂಗಾಂಶವನ್ನು ಎಷ್ಟು ಹೋಲುತ್ತದೆ ಎಂಬುದಕ್ಕೆ 1ರಿಂದ 3. ವಿಭಜನೆ 9ರವರೆಗಿದ್ದರೆ 1, 10ರಿಂದ 19ಕ್ಕೆ 2, ಮೇಲ್ಪಟ್ಟರೆ 3. ಸತ್ತ ಭಾಗ ಇಲ್ಲದಿದ್ದರೆ 0, ಅರ್ಧಕ್ಕಿಂತ ಕಡಿಮೆಯಾದರೆ 1, ಅರ್ಧ ಅಥವಾ ಹೆಚ್ಚಾದರೆ 2. ಒಟ್ಟು 2–3 ಬಂದರೆ ಒಂದನೆಯ ದರ್ಜೆ, 4–5 ಎರಡನೆಯದು, 6ರಿಂದ ಮೇಲೆ ಮೂರನೆಯದು. ಈ ಪಟ್ಟಿಯಲ್ಲಿ ಕೆಐ-67ಕ್ಕೆ ಕಾಲಮ್ಮೇ ಇಲ್ಲ.

ಪಟ್ಟಿಯ ವಿಭಜನೆಯ ಅಂಕಿ ಸೂಕ್ಷ್ಮದರ್ಶಕದಲ್ಲಿ ಹತ್ತು ನೋಟಗಳ ಲೆಕ್ಕ. ಯಾರ ಸೂಕ್ಷ್ಮದರ್ಶಕ ಎಂಬುದೇ ತಕರಾರು. ಮೂಲ ಅಳತೆಯಲ್ಲಿ ಒಂದು ನೋಟ ಎಂದರೆ 0.1734 ಚದರ ಮಿಲಿಮೀಟರ್. ಈಗ ಬಹಳ ಕಡೆ ಇರುವ ಅಗಲ ಕಣ್ಣುಗಾಜಿನ ಯಂತ್ರದಲ್ಲಿ ಅದು ಸುಮಾರು 0.237. ನಿಮ್ಮ ಗಡ್ಡೆಗೆ ಹೋಲಿಕೆಯಲ್ಲಿ 2, ಸತ್ತ ಭಾಗ ಸೊನ್ನೆ, ಹತ್ತು ನೋಟದಲ್ಲಿ 12 ವಿಭಜನೆ ಸಿಕ್ಕಿತೆನ್ನಿ: 2 ಮತ್ತು 2 ಸೇರಿ 4, ಎರಡನೆಯ ದರ್ಜೆ. ಆದರೆ ಅಗಲ ಗಾಜಿನಲ್ಲಿ ಸಿಕ್ಕ 12 ಮೂಲ ಅಳತೆಗೆ ಇಳಿಸಿದರೆ ಒಂಬತ್ತಕ್ಕೂ ಕಡಿಮೆ. ಅಂಕ 1ಕ್ಕೆ ಇಳಿಯಿತು, ಒಟ್ಟು 3, ಒಂದನೆಯ ದರ್ಜೆ. ಗಡ್ಡೆ ಅದೇ, ಮನುಷ್ಯ ಅದೇ, ಗಾಜು ಬದಲಾಗಿದ್ದಕ್ಕೆ ರೇಡಿಯೇಷನ್ನಿನ ಮಾತು ಬರುವುದೋ ಬಾರದೋ ಎಂಬುದೇ ಬದಲಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಪುಸ್ತಕ ನೋಟಗಳ ಲೆಕ್ಕ ಬಿಟ್ಟು ಚದರ ಮಿಲಿಮೀಟರಿನಲ್ಲಿ ಬರೆಯಿರಿ ಎನ್ನುವುದು ಇದಕ್ಕೇ.

ಎರಡನೆಯ ಮೀಟರು ಕೆಐ-67. ಕಂದು ಹೆಚ್ಚಿರುವ ಜಾಗ ಹುಡುಕಿ, 500ರಿಂದ 1000 ಕೋಶ ಎಣಿಸಿ, ಕಂದಾದವು ಶೇಕಡ ಎಷ್ಟು ಎಂದು ಬರೆಯುತ್ತಾರೆ. ನಡುವೆ ಬಂದು ಕೂತ ಲಿಂಫೋಸೈಟುಗಳೂ ಕಂದಾಗಿರುತ್ತವೆ. ಅವು ನೆಂಟರು, ಮನೆಯವರ ಲೆಕ್ಕಕ್ಕೆ ಸೇರಿಸಬಾರದು. ಒಂದೇ ಗಾಜನ್ನು ಇಬ್ಬರಿಗೆ ಕೊಟ್ಟರೆ ಎರಡು ಅಂಕಿ ಬರುವುದು ಮಾಮೂಲು.

ಈ ಅಂಕಿ ರಿಪೋರ್ಟಿನಿಂದ ಊರಿಗೆ ಇಳಿಯುವಾಗ ಅರ್ಥವೇ ಬೇರೆಯಾಗುತ್ತದೆ. “ನಲವತ್ತು ಪರ್ಸೆಂಟ್ ಕ್ಯಾನ್ಸರ್ ಅಂತೆ.” ಅಲ್ಲ. “ಹಂಗಾದ್ರೆ ಅರವತ್ತು ಪರ್ಸೆಂಟ್ ವಾಸಿ?” ಅದೂ ಅಲ್ಲ. ಎಣಿಸಿದ ನೂರು ಕೋಶಗಳಲ್ಲಿ ನಲವತ್ತು ಚಕ್ರದೊಳಗಿದ್ದವು, ಅಷ್ಟೆ. ಎಷ್ಟು ವೇಗದಲ್ಲಿ ಸುತ್ತುತ್ತಿವೆ ಎಂದು ಅದು ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಲು 35 ಬೇಕಿದ್ದ ಕಾಲದವರು ಇಲ್ಲೂ ಒಂದು ಗಡಿ ಹುಡುಕುತ್ತಾರೆ. ಮೃದು ಅಂಗಾಂಶದ ಗಡ್ಡೆಗಳಿಗೆಲ್ಲ ಒಪ್ಪುವ ಅಂಥ ಒಂದು ಗಡಿ ಇಲ್ಲ.

ದೋಷಪತ್ತೆ

ಸಮಸ್ಯೆ ಒಂದು: ಮೀಟರು ಜೋರಾಗಿ ಓಡುತ್ತಿದೆ, ಗಡ್ಡೆ ನಿರಪರಾಧಿ. ಮುಂಗೈಯಲ್ಲಿ ಕೆಲವೇ ವಾರಗಳಲ್ಲಿ ಎದ್ದುನಿಲ್ಲುವ ನಾಡ್ಯುಲರ್ ಫೇಶಿಐಟಿಸ್ ಎಂಬುದೊಂದಿದೆ. ಗಾಜಿನಡಿ ಎಲ್ಲಿ ನೋಡಿದರೂ ವಿಭಜನೆ. 1955ರಲ್ಲಿ ಅದನ್ನು ಗುರುತಿಸಿ ಬರೆದವರು ಸಾರ್ಕೋಮಾದ ವೇಷಧಾರಿ ಎಂದೇ ಕರೆದರು. ಅದರಲ್ಲಿ ಎರಡು ಜೀನುಗಳ ತುಂಡುಗಳು ಬೆಸೆದುಕೊಂಡಿರುವುದು 2011ರಲ್ಲಿ ತಿಳಿಯಿತು. ಹಲವು ಸಲ ಏನೂ ಮಾಡದಿದ್ದರೂ ತಾನೇ ಕರಗುತ್ತದೆ. ಅಂಕಿ ನೋಡಿ ಹೆದರಿದವರು ಇದಕ್ಕಾಗಿ ಬೇಡದ ದೊಡ್ಡ ಆಪರೇಷನ್ ಮಾಡಿದ್ದುಂಟು.

ಸಮಸ್ಯೆ ಎರಡು: ಮೀಟರು ಅಲುಗುತ್ತಿಲ್ಲ, ಗಡ್ಡೆ ಅಪರಾಧಿ. ಹ್ಯಾರಿ ಇವಾನ್ಸ್ 1987ರಲ್ಲಿ ವಿವರಿಸಿದ ಲೋ ಗ್ರೇಡ್ ಫೈಬ್ರೊಮಿಕ್ಸಾಯ್ಡ್ ಸಾರ್ಕೋಮಾದಲ್ಲಿ ಕೋಶಗಳು ಸೌಮ್ಯ, ವಿಭಜನೆ ವಿರಳ, ಕೆಐ-67 ತೀರ ಕಡಿಮೆ. ಅದೇ ಗಡ್ಡೆ ಹತ್ತಿಪ್ಪತ್ತು ವರ್ಷ ಬಿಟ್ಟು ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಲ್ಲದು.

ಅಂಕಿಯೊಂದನ್ನೇ ನಂಬಬಾರದೆಂದು ಹುತ್ತೂರಿನ ಡೇರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಯಂತ್ರದಲ್ಲಿ ಫ್ಯಾಟು ಆರೂವರೆ ತೋರಿಸಿತು. ಎಮ್ಮೆ ಹಾಲಾದರೆ ಸೆಕ್ರೆಟರಿ ತಲೆಯೆತ್ತದೆ ಬರೆದುಕೊಳ್ಳುತ್ತಾರೆ. ಸೀಮೆ ಹಸುವಿನ ಹಾಲಾದರೆ ಪೆನ್ನು ಕೆಳಗಿಟ್ಟು ಯಂತ್ರವನ್ನೂ ನೋಡುತ್ತಾರೆ, ನಿಮ್ಮನ್ನೂ ನೋಡುತ್ತಾರೆ. ಯಾವ ದನದ್ದು ಎಂದು ಕೇಳದೆ ಫ್ಯಾಟು ಓದುವವರನ್ನು ಯಾವ ಸಂಘವೂ ಕೆಲಸಕ್ಕಿಟ್ಟುಕೊಳ್ಳುವುದಿಲ್ಲ. ಗಡ್ಡೆಗೂ ಮೊದಲು ಹೆಸರು, ಆಮೇಲೆ ಅಂಕಿ.

ಸಮಸ್ಯೆ ಮೂರು ನಿಮ್ಮ ತೊಡೆಗೇ ಸಂಬಂಧಿಸಿದ್ದು. ಆಳದಲ್ಲಿರುವ ದೊಡ್ಡ ಕೊಬ್ಬಿನ ಗಂಟು ನಿರಪಾಯದ ಬರೀ ಲೈಪೋಮಾವೋ, ಅಥವಾ ಅದನ್ನು ಹೋಲುವ, ತೆಗೆದ ಜಾಗದಲ್ಲಿ ಮತ್ತೆ ಬರುವ, ಲೈಪೋಸಾರ್ಕೋಮಾ ಎಂಬ ಕೊಬ್ಬಿನ ಕ್ಯಾನ್ಸರಿನ ಸೌಮ್ಯ ರೂಪವೋ? ಎರಡರಲ್ಲೂ ಕೆಐ-67 ಕಡಿಮೆಯೇ. ಅದನ್ನು ಕೇಳಿ ಫಲವಿಲ್ಲ. ಇಲ್ಲಿ ಕೇಳಬೇಕಾದದ್ದು ಚಕ್ರದ ನೂಕುವವರನ್ನು. ಈ ಬಗೆಯ ಲೈಪೋಸಾರ್ಕೋಮಾದಲ್ಲಿ ಹನ್ನೆರಡನೆಯ ಕ್ರೋಮೋಸೋಮಿನ ಒಂದು ತುಂಡು ಹಲವು ಪ್ರತಿಗಳಾಗಿ ಕೂತಿರುತ್ತದೆ. ಆ ತುಂಡಿನಲ್ಲಿ ಸಿಡಿಕೆ-4 ಇದೆ, ಅದು ಆರ್‌ಬಿ ಬ್ರೇಕನ್ನು ಸಡಿಲಿಸುತ್ತದೆ. ಅದರ ನೆರೆಯಲ್ಲೇ ಎಂಡಿಎಂ-2 ಇದೆ, ಅದು ಪಿ-53ನ್ನು ನಾಶಮಾಡಿಸುತ್ತದೆ. ಎರಡು ಬ್ರೇಕು ಒಂದೇ ಏಟಿಗೆ ಹೋಯಿತು. ಲೈಪೋಮಾದಲ್ಲಿ ಈ ಪ್ರತಿಗಳಿಲ್ಲ. ಫಿಶ್ ಎಂಬ ಪರೀಕ್ಷೆಯಲ್ಲಿ ಎಂಡಿಎಂ-2ರ ಪ್ರತಿಗಳು ಬಣ್ಣದ ಚುಕ್ಕೆಗಳಾಗಿ ಕಾಣುತ್ತವೆ. ಸಿಡಿಕೆ-4ನ್ನು ತಡೆಯುವ ಪಾಲ್ಬೊಸಿಕ್ಲಿಬ್ ಮಾತ್ರೆ ಸ್ತನದ ಕ್ಯಾನ್ಸರಿನ ಔಷಧವಾಗಿ ಪೇಟೆಗೆ ಬಂದದ್ದು. ಲೈಪೋಸಾರ್ಕೋಮಾದ ಮೇಲೂ ಪ್ರಯೋಗವಾಗಿದೆ, ಕೆಲವರಲ್ಲಿ ಗಡ್ಡೆಯ ಓಟ ನಿಧಾನವಾಗಿದೆ. ಆದರೂ ಮೊದಲ ಚಿಕಿತ್ಸೆ ಸುತ್ತಲಿನ ಒಳ್ಳೆಯ ಅಂಗಾಂಶದ ಅಂಚನ್ನೂ ಸೇರಿಸಿ ಪೂರ್ತಿ ತೆಗೆಯುವ ಆಪರೇಷನ್ನೇ.

ಸರ್ವಿಸ್ ಕೇಂದ್ರಗಳು

ಹತ್ತಿರದ್ದು ಕೋಲಾರದ ಟಮಕದಲ್ಲಿ: 1986ರಲ್ಲಿ ಶುರುವಾದ ಶ್ರೀ ದೇವರಾಜ ಅರಸು ಮೆಡಿಕಲ್ ಕಾಲೇಜು, ಅದರ ಜೊತೆಗಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ. ಸರ್ಕಾರದ್ದಾದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ. ಸಾರ್ಕೋಮಾ ಎಂದು ಖಚಿತವಾದರೆ ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಯಿದೆ, 1973ರಿಂದ. ಬಿಪಿಎಲ್ ಕಾರ್ಡು ಮತ್ತು ಆಧಾರ್ ಜೊತೆಗಿರಲಿ: 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಮೊದಲೇ ಬರೆಸಿಕೊಳ್ಳಿ, ಕೌಂಟರಿನಲ್ಲಿ ಕೇಳುವುದು ಅದನ್ನೇ.

ಕೊನೆಗೊಂದು ಬಿಡಿಭಾಗದ ವಿಷಯ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ರಿಪೋರ್ಟಿನ ಕಾಗದ ಸಾಲದು. ಎರಡನೆಯ ಡಾಕ್ಟರಿಗೆ ಬೇಕಾದದ್ದು ಗಾಜು ಮತ್ತು ಮೇಣದ ಬ್ಲಾಕು. ಬ್ಲಾಕಿದ್ದರೆ ಕೆಐ-67 ಮತ್ತೆ ಮಾಡಬಹುದು, ಎಂಡಿಎಂ-2 ನೋಡಬಹುದು, ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವ ಪ್ರಮೇಯ ಬಾರದೆ ಹೋಗಬಹುದು. ಅರ್ಜಿ ಬರೆದುಕೊಟ್ಟರೆ ಲ್ಯಾಬಿನವರು ರಸೀದಿ ಹಾಕಿಸಿಕೊಂಡು ಕೊಡುತ್ತಾರೆ. ಕೇಳಿ ಇಸಿದುಕೊಳ್ಳಿ, ಮೇಲಿನ ನಂಬರನ್ನು ರಿಪೋರ್ಟಿನ ನಂಬರಿಗೆ ತಾಳೆ ನೋಡಿ. ಮೇಣ ಕರಗುವುದು 56ರಿಂದ 60 ಡಿಗ್ರಿಗೆ. ದಯವಿಟ್ಟು ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ.